ನೀರುನಾಯಿ ಬಂದ ಹೊತ್ತು

ದುರುಗೇಶಣ್ಣ,

ನೀನು ಕಾವಲಿಗಿದ್ದ ಕುಮಟಾ ಕಡೆಯ ತೆಂಗಿನ ತೋಟಕ್ಕೆ ಕೊನೆಗೂ ನಾನು ಬಂದೆ, ನೀನು ತೀರಿಕೊಂಡ ಮೇಲೆ. "ಸುಕನ್ಯಾ, ನೀರುನಾಯಿ ನೋಡಾಕ ಒಮ್ಮೆರ ಬಾ ಬೇ," ಎಂದು ಫೋನಿನಲ್ಲಿ ನೀನು ಕರೆಯುತ್ತಲೇ ಇದ್ದೆ. ಮಸ್ಕಿಯ ಆಫೀಸಿನಲ್ಲಿ ರಜೆ ಕೊಡುವುದಿಲ್ಲ ಎನ್ನುತ್ತಿದ್ದೆ ನಾನು. ಈ ಸಲ ಕೇಳಿದ ಕೂಡಲೇ ಕೊಟ್ಟರು.

ಹಿನ್ನೀರು ದಾಟಿ ದೋಣಿ ಇಳಿದಾಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ನಿನ್ನ ಕೋಣೆಗೆ ಹೋದೆ, ಹೊರಗೆ ಬಂದೆ, ಮತ್ತೆ ಹೋದೆ. ಸಂಜೆ ತೋಟದ ಒಡತಿ ನಾಗವೇಣಿಯವರು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದರು. "ಅಲುಗಾಡದೇ ಕೂತ್ರೆ ಮಾತ್ರ ಬರ್ತವೆ," ಎಂದರು. ನಾನು ಎದ್ದೆದ್ದು ನಿಲ್ಲುತ್ತಿದ್ದೆ. ಅವರು ಕೈ ಹಿಡಿದು ಕೂರಿಸುತ್ತಿದ್ದರು.

ಕೊನೆಗೆ ಬಂದವು. ತಾಯಿಯ ಬಾಯಲ್ಲಿ ಮೀನು, ಹಿಂದೆ ಎರಡು ಮರಿ.

"ಅಣ್ಣಾ, ಬಂದಾವ ನೋಡು," ಎಂದು ಕೂಗಿಬಿಟ್ಟೆ. ಮೂರೂ ಮುಳುಗಿದವು.

ನಾಗವೇಣಿಯವರು ಬೈಯಲಿಲ್ಲ. "ಬೆಳಿಗ್ಗೆ ಮತ್ತೆ ಬರ್ತವೆ. ಆದ್ರೆ ನೀವು ಇವತ್ತೇ ಮಸ್ಕಿಗೆ ಹೊರಟ್ರಲ್ಲ?" ಎಂದರು.

ದಂಡೆಯಲ್ಲಿ ದೋಣಿಯವನು ನನಗಾಗಿ ಕಾಯುತ್ತಿದ್ದ. ಅವನಿಗೆ ಹೋಗಲು ಹೇಳಿ, ಬಂದು ಮತ್ತೆ ಅಲ್ಲೇ ಕೂತೆ.

ಸುಕನ್ಯಾ