ಹತ್ತನೆಯ ಹೆಸರು

ಮೇ 29, ಶುಕ್ರವಾರ. ಬೆಳಿಗ್ಗೆ 9.40

ಬೀಗ ತೆಗೆದೆ. ಕಸ ಗುಡಿಸಿದೆ. ಮಾವಿನ ತೋರಣವನ್ನೂ ನಾನೇ ಕಟ್ಟಿದೆ. ಈ ಶಾಲೆಗೆ ಹೆಡ್‌ಮಾಸ್ಟರು, ಮೇಷ್ಟ್ರು, ಜವಾನ ಎಲ್ಲ ಒಬ್ಬನೇ. ಪ್ರಾರಂಭೋತ್ಸವ ಅಂತೆ. ಬಂದದ್ದು ಒಂಬತ್ತು ಮಕ್ಕಳು. ಒಂದನೇ ತರಗತಿಗೆ ಯಾರೂ ಇಲ್ಲ.

ಕ್ಲಸ್ಟರಿನ ಶಿಕ್ಷಣಾಧಿಕಾರಿ ಗುರುಪ್ರಕಾಶ್ ಫೋನು. "ಜೂನ್ ಹದಿನೈದರೊಳಗೆ ಹತ್ತು ಮಾಡ್ಕೊಳಿ ಶಾಂತಮೂರ್ತಿ ಸಾರ್. ಇಲ್ದಿದ್ರೆ ಶಾಲೆ ಮುಚ್ಚಿ ಕೌದಳ್ಳಿಗೆ ಸೇರಿಸ್ತಾರೆ."

ಕೌದಳ್ಳಿ ಆರು ಕಿಲೋಮೀಟರ್. ಬಸ್ಸಿಲ್ಲ, ಆನೆ ಓಡಾಡುವ ದಾರಿ. ಒಂಬತ್ತರಲ್ಲಿ ಐವರು ಅಲ್ಲಿಗೆ ಹೋಗುವುದಿಲ್ಲ, ಬರೆದುಕೊಡುತ್ತೇನೆ.

ಜೂನ್ 1, ಸೋಮವಾರ

ಸಂಜೆ ಮನೆಮನೆ ಸುತ್ತಿದೆ. ಆರು ತುಂಬಿದ ಹೊಸ ಮಗು ಒಂದೂ ಇಲ್ಲ, ಐದೂವರೆ ವರ್ಷದವು ನಾಲ್ಕಿವೆ. ಮೂರು ಆಗಲೇ ಪ್ರೈವೇಟ್ ಶಾಲೆಯ ವ್ಯಾನಿನಲ್ಲಿ.

ದೆಹಲಿಯಲ್ಲಿ ಶಿಕ್ಷಣ ಹಕ್ಕಿನ ಕಾಯ್ದೆ ಮಾಡಿದವರಿಗೆ ಇದು ಗೊತ್ತಿದೆಯೋ ಇಲ್ಲವೋ. ಒಂದನೇ ತರಗತಿಗೆ ಆರು ತುಂಬಿರಬೇಕು. ಸರ್ಕಾರಿಗೂ ಅದೇ, ಖಾಸಗಿಗೂ ಅದೇ. ಬಹಳ ನ್ಯಾಯ. ಆದರೆ ಅವರ ಹತ್ತಿರ ಎಲ್‌ಕೆಜಿ ಇದೆ, ಯುಕೆಜಿ ಇದೆ. ಮೂರು ವರ್ಷಕ್ಕೇ ಟೈ ಕಟ್ಟಿ ಕೂರಿಸುತ್ತಾರೆ. ಆರು ತುಂಬುವ ಹೊತ್ತಿಗೆ ಮಗು ಅವರದೇ. ನಾನು ಬಾಗಿಲಲ್ಲಿ ತೋರಣ ಕಟ್ಟಿಕೊಂಡು ನಿಂತಿರಬೇಕು. ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ತಿಳಿಯುವುದಿಲ್ಲ.

ಜೂನ್ 3, ಬುಧವಾರ. ಮಧ್ಯಾಹ್ನ

ನಾಲ್ಕನೆಯ ಮಗುವಿನ ಅಪ್ಪ ಪರಮೇಶ ಬಂದ. ಮಗಳ ಕೈ ಹಿಡಿದುಕೊಂಡು, ಜನನ ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನಲ್ಲಿ. ಪುಟ್ಟಮಾದಮ್ಮ. ಸೆಪ್ಟೆಂಬರ್ 2019. ಆರು ವರ್ಷ ಎಂಟು ತಿಂಗಳು!

"ಐದೂವರೆ ಅಂತಿದ್ರಲ್ಲಪ್ಪ ಊರಲ್ಲಿ?"

"ಊರೋರ್ಗೇನ್ ಗೊತ್ತು ಸಾ. ಕಾಗ್ದ ನೋಡಿ. ನೀವ್ ಆಗಲ್ಲ ಅಂದ್ರ ಸೋಮಾರದಿಂದ ವ್ಯಾನ್ಗೇ ಅತ್ತುಸ್ಬುಡ್ತೀನಿ."

ಹಳೇ ಚಾಳಿ, ಸುಮ್ಮನಿರಲಾರದೆ ಮಗುವಿಗೆ ಹೇಳಿದೆ. ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹೀಗೇ ವಯಸ್ಸು ಅಳೆಯುತ್ತಿದ್ದರು. ಕಿವಿ ಸಿಕ್ಕರೆ ಆರು, ಸಿಗದಿದ್ದರೆ ಮುಂದಿನ ವರ್ಷ ಬಾ. ಪಾಪ, ತಲೆ ವಾಲಿಸಿ, ನಾಲಿಗೆ ಕಚ್ಚಿಕೊಂಡು ಚಾಚಿತು. ಎರಡು ಬೆರಳಿನಷ್ಟು ಕಡಿಮೆ. ಪರಮೇಶ ಆಚೆ ನೋಡುತ್ತಿದ್ದ.

ಕುಳ್ಳಗಿರಬಹುದು, ಅಂದುಕೊಂಡೆ. ಬರೆದುಕೊಂಡೆ. ಹತ್ತು.

ಜೂನ್ 10, ಬುಧವಾರ

ಒಂದು ವಾರ ಬರೆಯಲಿಲ್ಲ. ಬರೆಯುವುದೆಂದರೆ ಯೋಚಿಸಬೇಕಲ್ಲ.

ಹೆಸರು ಕಂಪ್ಯೂಟರಿಗೂ ಏರಿಸಿಯಾಯಿತು. ಗುರುಪ್ರಕಾಶ್ "ಭೇಷ್ ಸಾರ್" ಅಂದ. ಹುಡುಗಿ ಚುರುಕು. 'ರ' ಬರೆಯಲು ಬಂತು. ಬಿಸಿಯೂಟದ ಹೊತ್ತಿಗೆ ನಿದ್ದೆ ಮಾತ್ರ ಬಂದುಬಿಡುತ್ತದೆ, ತಟ್ಟೆಯ ಮುಂದೆಯೇ ತೂಗುತ್ತಾಳೆ. ಕಿವಿಗೆ ಎಟುಕದ ಆ ಬೆರಳುಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಜೂನ್ 12, ಶುಕ್ರವಾರ. ಮಧ್ಯಾಹ್ನ 2.15

ಈಗತಾನೆ ಅವಳ ತಾಯಿ ವೀರಮ್ಮ ಬಂದು ಹೋದಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಕೇಳಿದಳು.

"ಆ ಕಾಗ್ದ ಕೊಡಿ ಸಾ. ಅದು ಇವ್ಳದಲ್ಲ."

"ಮತ್ತೆ ಯಾರದಮ್ಮ?"

"ದೊಡ್ಡವ್ಳದು. ಐದ್ ತಿಂಗ್ಳಿಗೆ ಓಗ್ಬುಟ್ಳು."

ಹೆಸರು ಒಂದೇ ಯಾಕೆ ಅಂದೆ. ಅದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ ನೋಡಿದಳು.

"ಎಸ್ರು ಮಾದಪ್ಪಂದು ಸಾ, ಮಗೀದಲ್ಲ. ಅರಕೆ ಒತ್ಕಂಡಿದ್ದು, ಬುಡಕ್ಕಾದದ? ಮುಂದಿನ್ ಮಗೀಗೂ ಅದ್ನೇ ಇಕ್ದೊ."

ಇವಳು ಹುಟ್ಟಿದ್ದು ಕರೋನಾ ವರ್ಷದ ಡಿಸೆಂಬರು, ಪಾಲಾರ್ ಹೊಳೆಯಾಚೆಯ ತವರಲ್ಲಿ, ಮನೆಯಲ್ಲೇ. ಎಲ್ಲೂ ಬರೆಸಲಿಲ್ಲ. ಐದೂವರೆ, ಊರವರು ಅಂದದ್ದೇ ಸರಿ.

ನಾನು ಹೇಳಬಾರದ್ದನ್ನು ಹೇಳಿದೆ. ಇರಲಿ ಬಿಡಮ್ಮ, ಯಾರಿಗೂ ತಿಳಿಯುವುದಿಲ್ಲ, ಮಗು ಓದುತ್ತಿದೆ, ಶಾಲೆಯೂ ಉಳಿಯುತ್ತದೆ. ಇಪ್ಪತ್ತೇಳು ವರ್ಷದ ಸರ್ವಿಸ್ಸು ನನ್ನದು.

ವೀರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಒಬ್ಳು ಇಲ್ದೆ ಓದ್ಳು ಸಾ, ಅವ್ಳ್ ಕಾಗ್ದ ಅದೆ. ಇವ್ಳು ಬದುಕವ್ಳೆ, ಇವ್ಳದು ಎಲ್ಲೂ ಇಲ್ಲ. ನಾಳಿಕ್ ಕೇಳಿದ್ರ ಇವ್ಳ್ನ ಎತ್ತೆ ಇಲ್ಲ ಅನ್ಬೇಕಾ ನಾನು?"

ನಾಚಿಕೆಯಾಯಿತು. ಕವರ್ ತೆಗೆದು ಕೊಟ್ಟೆ. ಎದೆಗೊತ್ತಿಕೊಂಡು ಹೋದಳು.

3.50

ದಾಖಲಾತಿ ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ. ಕೆಂಪು ಗೆರೆ ಎಳೆದು ಸಹಿ ಮಾಡಬೇಕು. ಮಾಡಿದೆ. ಒಂಬತ್ತು. ಗುರುಪ್ರಕಾಶನಿಗೆ ಫೋನ್ ಮಾಡಬೇಕು, ಇನ್ನೂ ಮಾಡಿಲ್ಲ.

ಮತ್ತೆ ಕಾಯ್ದೆ ತಿರುವಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ, ಅದೇ ಹೇಳುತ್ತದೆ. ಆರು ತುಂಬಿರಬೇಕು, ಅದನ್ನೂ ಹೇಳುತ್ತದೆ. ತಾಯಿ ಬಾಯಿಬಿಟ್ಟು ಹೇಳಿದ ಮೇಲೆ ನನಗೆ ಗೊತ್ತಿಲ್ಲ ಅನ್ನಲಾದೀತೇ.

ಬೆಲ್ ಹೊಡೆದೆ. ಒಂಬತ್ತೂ ಓಡಿದವು. ಪುಟ್ಟಮಾದಮ್ಮ ಮೇಜಿನ ಹತ್ತಿರ ಬಂದು ನಿಂತಳು. ಸ್ಲೇಟು ಕಂಕುಳಲ್ಲಿ. ತೆರೆದ ರಿಜಿಸ್ಟರು ನೋಡಿದಳು.

"ಕೆಂಪ್ ಗೀಟು ಯಾರ್ಗ್ ಸಾ?"

"ಯಾರಿಗೂ ಇಲ್ಲ."

"ನಾಳಿಕ್ ಬರ್ಲಾ?"

ಬಾ, ಅಂದುಬಿಟ್ಟೆ. ನಾಳೆ ಒಂಬತ್ತು ಹೆಸರು ಕೂಗಿ ಮುಗಿಸಿದ ಮೇಲೆ, ಅವಳು ಕೈ ಎತ್ತಿಕೊಂಡು ಕೂತಿದ್ದರೆ...