ಕಡಲು ಎನ್ನದ ಮತ್ಸ್ಯಕನ್ಯೆ

ಅಲ್ಮಾಟಿ
17 ಫೆಬ್ರವರಿ 2019, ಭಾನುವಾರ

ಪ್ರೀತಿಯ ತಂಗಿ ಉರ್ಕಿಯಾ,

ಹೇಗಿದ್ದೀಯ? ಮಂಡಿ ನೋವು ಈಗ ಹೇಗಿದೆ? ಉಪ್ಪುಧೂಳಿನ ಗಾಳಿ ಎದ್ದರೆ ನಿನಗೆ ಮೂರು ದಿನ ಕೆಮ್ಮು ಬಿಡುವುದಿಲ್ಲವೆಂದು ಕನ್ಶಾಯಿಮ್ ಹೇಳಿದಳು. ಯಾರು ಈ ಕನ್ಶಾಯಿಮ್ ಎಂದು ಹುಬ್ಬು ಗಂಟಿಕ್ಕಬೇಡ. ನಿಮ್ಮ ಬೀದಿಯ ಕೊನೆಯ ಮನೆಯವಳೇ, ಇಲ್ಲಿಯ ಮಾರುಕಟ್ಟೆಗೆ ಒಣಮೀನು ತಂದು ಮಾರುವವಳು. ಪ್ರತಿ ಗುರುವಾರ ಅವಳ ಹತ್ತಿರ ಅರ್ಧ ಕಿಲೋ ಕೊಳ್ಳುತ್ತೇನೆ. ಅದನ್ನು ಕಚ್ಚುವ ಹಲ್ಲು ನನಗೆ ಉಳಿದಿಲ್ಲ. ಮೊನ್ನೆ ಅವಳೇ ಕೇಳಿದಳು, “ಏನಣ್ಣಾ, ಬಾಯಲ್ಲಿ ಹಲ್ಲಿಲ್ಲ, ವಾರ ವಾರ ಮೀನು ಒಯ್ತೀರಿ. ಮನೇಲಿ ಬೆಕ್ಕು ಸಾಕಿದ್ದೀರಾ?” ಹೌದು ಎಂದೆ. ಬೆಕ್ಕೂ ಇಲ್ಲ. ಅವಳು ಮೀನು ತೂಗಿ ಕಾಗದ ಸುತ್ತುವಷ್ಟು ಹೊತ್ತು ನಿನ್ನ ಸುದ್ದಿ ಹೇಳುತ್ತಾಳೆ, ಅಷ್ಟಕ್ಕಾಗಿ ಹೋಗುತ್ತೇನೆ. ನಿನ್ನ ಮೊಮ್ಮಗಳಿಗೆ ಹಲ್ಲು ಬಂದದ್ದು, ನೀನು ಹೊಸ ಒಲೆ ಹಾಕಿಸಿದ್ದು, ಎಲ್ಲ ನನಗೆ ಗೊತ್ತು. ನನ್ನ ಸುದ್ದಿಯನ್ನು ಅವಳು ನಿನಗೆ ಹೇಳುತ್ತಾಳೋ, ನೀನು ಕೇಳುತ್ತೀಯೋ, ಅದು ಮಾತ್ರ ಗೊತ್ತಿಲ್ಲ.

ನಾನು ಚೆನ್ನಾಗಿದ್ದೇನೆ. ನಿನ್ನ ಅತ್ತಿಗೆ ರಬಿಗಾ ತೀರಿಕೊಂಡು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಈಗಲೂ ಚಹಾಕ್ಕೆ ಎರಡು ಬಟ್ಟಲು ಇಳಿಸಿ, ಒಂದನ್ನು ಒರೆಸಿ ಮತ್ತೆ ಮೇಲಿಡುತ್ತೇನೆ. ಓದುತ್ತೇನೆ. ಪತ್ರಿಕೆಗಳಿಗೆ ಜಗಳದ ಕಾಗದ ಬರೆಯುತ್ತೇನೆ. ಚೌಕದ ಫಲಕದಲ್ಲಿ ಕವಿಯ ಹುಟ್ಟಿದ ವರ್ಷವನ್ನೇ ತಪ್ಪು ಕೆತ್ತಿದ್ದಾರೆ, ನಮ್ಮ ಬಡಾವಣೆಯ ಗ್ರಂಥಾಲಯವನ್ನು ಮುಚ್ಚಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಮಾಡಿದ್ದಾರೆ. ಇಂಥವನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಒಂದು ಪತ್ರಿಕೆಯವರು ಅಚ್ಚು ಹಾಕುತ್ತಾರೆ, ಇನ್ನೊಂದರವರು ನನ್ನ ಲಕೋಟೆಯನ್ನು ಒಡೆಯುವುದೇ ಇಲ್ಲ. “ನಿಮಗೆ ನೆನಪಿನ ಕಾಯಿಲೆ” ಎನ್ನುತ್ತಿದ್ದಳು ರಬಿಗಾ. ಬೇರೆ ಮುದುಕರಿಗೆ ಮರೆವು, ನನಗೆ ಇದು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಶನಿವಾರ ಇಲ್ಲಿ ನಮ್ಮ ಮತ್ಸ್ಯಕನ್ಯೆಯ ಹಳೆಯ ಕಾರ್ಟೂನ್ ಚಿತ್ರದ ರೀಲುಗಳನ್ನು ತೊಳೆದು, ಬಣ್ಣ ತಿದ್ದಿ, ಹೊಸದು ಮಾಡಿ ಹತ್ತು ಜನರಿಗೆ ತೋರಿಸಿದರು. ಯಾವುದೋ ಹೊಸ ಕಂಪನಿ, ಎಲ್ಲ ಎಳೆಯ ಹುಡುಗ ಹುಡುಗಿಯರು. ನನಗೆ ಮೊದಲ ಸಾಲಿನಲ್ಲಿ ಕುರ್ಚಿ, ಕೈಗೊಂದು ಹೂವು. ಆಗ ಚಿತ್ರದ ಶುರುವಿನಲ್ಲಿ ಬರುವ ಹೆಸರಿನ ಕಾರ್ಡುಗಳಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಅವರಲ್ಲಿ ಈಗ ಉಸಿರಾಡುತ್ತಿರುವವರು ಇಬ್ಬರು, ನಾನು ಮತ್ತು ನೀನು. ದೀಪ ಆರಿತು. ನಾನು ಕೈಯಾರೆ ಬರೆದ ಅಲೆಗಳು ಬಂದವು. ಕಣ್ಣು ಮಂಜಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ನಮ್ಮ ಹುಡುಗಿ ನೀರಿನಿಂದ ತಲೆ ಎತ್ತಿ ಬಾಯಿ ತೆರೆದು ಮಾತಾಡಿಬಿಟ್ಟಳು! ಹೊಸ ದನಿ, ಹೊಸ ಹಾಡು. ಹೇಳಬಾರದ ಆ ಒಂದು ಮಾತನ್ನು ಮೊದಲ ನಿಮಿಷದಲ್ಲೇ ಹೇಳಿದಳು. ಚಿತ್ರ ಮುಗಿಯುವುದರೊಳಗೆ ಹದಿನೇಳು ಸಲ. ನಾನು ಎಣಿಸಿದೆ.

ದೀಪ ಹತ್ತಿದ್ದೇ ಎದ್ದು ನಿಂತೆ. ಏನೇನು ಅಂದೆನೋ. ಆ ಕಂಪನಿಯ ಹುಡುಗಿ, ದಾಮೆಲಿ ಎಂದು ಹೆಸರು, ಪಕ್ಕಕ್ಕೆ ಕರೆದು ಕೂರಿಸಿದಳು. “ತಾತಾ, ಸಿಟ್ಟಾಗ್ಬೇಡಿ. ಹಳೇ ಧ್ವನಿ ಎಲ್ಲಾ ಹಾಳಾಗಿತ್ತು. ಅಲ್ದೆ ಇವಳು ಯಾಕೆ ಬಾಯೇ ಬಿಡಲ್ಲ ಅಂತ ಈಗಿನ ಮಕ್ಕಳಿಗೆ ತಿಳಿಯಲ್ಲ” ಎಂದಳು. “ತಿಳಿಯೋ ತನಕ ಕಾಯಲಿ ತಾಯಿ. ನಾವು ಎರಡು ವರ್ಷ ಕಾದಿದ್ವಿ” ಎಂದೆ. ಅವಳು ನಗಲಿಲ್ಲ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು “ಹೇಳಿ ಹಾಗಾದ್ರೆ” ಎಂದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಅದರಲ್ಲಿ ಅರ್ಧ ನಿನ್ನದೇ ಕಥೆ, ಆದರೆ ಸ್ಟುಡಿಯೊದೊಳಗೆ ನಡೆದದ್ದನ್ನು ನಿನಗೆ ಪೂರ್ತಿ ಹೇಳುವ ದಿನ ನನಗೆ ಬರಲೇ ಇಲ್ಲ.

ಮೊದಲು ನಮ್ಮ ಕೈಗೆ ಬಂದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಹೊಂಬಣ್ಣದ ಕೂದಲಿನ ಮತ್ಸ್ಯಕನ್ಯೆ, ದನಿ ಕಸಿಯುವ ಮಾಟಗಾತಿ, ದಡದ ಮೇಲೊಬ್ಬ ಚೆಂದದ ರಾಜಕುಮಾರ. ಎರಡು ತಿಂಗಳು ಬರೆದೆವು. ನಿರ್ದೇಶಕ ಮುಕಾಶ್ ಹಾಳೆಗಳನ್ನು ತಿರುವಿ ಹಾಕಿ, “ಏನಯ್ಯಾ ಸಪಾರ್ಗಲಿ, ಇದು ಸೋಪಿನ ಡಬ್ಬಿ ಮೇಲಿನ ಹುಡುಗಿ. ಕೈ ತೊಳ್ಕೊಂಡು ಮನೆಗೆ ಹೋಗೋಣ್ವಾ?” ಎಂದ. ಅದೇ ಬೇಸಿಗೆಯಲ್ಲಿ ರಜೆ ಹಾಕಿ ನಿನ್ನ ಅತ್ತೆಮನೆಗೆ ಬಂದಿದ್ದೆ, ನೆನಪಿದೆಯೆ? ನೀನು ಚಹಾ ಬಗ್ಗಿಸುತ್ತಿದ್ದೆ. ಎಡಗೈಯಲ್ಲಿ ತಲೆವಸ್ತ್ರದ ಅಂಚು ಹಿಡಿದು ಬಾಯಿಗೆ ಮರೆ ಮಾಡಿಕೊಂಡು, ಬಲಗೈಯಲ್ಲಿ ಬಟ್ಟಲು ಮುಂದೆ ಚಾಚಿ. ನಿನ್ನ ಮಾವ ಬೇರೆ ಯಾರು ಕೊಟ್ಟರೂ ಮುಟ್ಟದೆ ನಿನ್ನ ಕೈಯ ಬಟ್ಟಲಿಗೇ ಕಾಯುತ್ತಿದ್ದರು. ಅವರ ದೋಣಿ ಎಲ್ಲಿ ಎಂದು ನಾನು ಕೇಳಿದೆ. ನೀನು ಮೆಲ್ಲಗೆ, “ದೊಡ್ನೀರು ಹಿಂದಕ್ಕೆ ಹೋಯ್ತಣ್ಣ. ದೋಣಿ ಮರಳಲ್ಲಿ ಕೂತ್ಕೊಂಡ್ತು” ಎಂದೆ. ದೊಡ್ನೀರು! ಈ ಮಾತನ್ನು ಇಲ್ಲಿ ಒಂದು ಸಲ ಬರೆಯಲೇಬೇಕು, ತುಟಿ ಆಡಿಸದೆ ಕಣ್ಣಲ್ಲೇ ಓದಿಬಿಡು: ನಿನ್ನ ಮಾವನ ಹೆಸರು ತೆಂಗಿಜ್‌ಬಾಯ್, ತೆಂಗಿಜ್ ಎಂದರೆ ಕಡಲು. ಮಾವನ ಹೆಸರನ್ನು ಹೇಳದ ಸೊಸೆ ಆ ಹೆಸರಿನೊಳಗಿನ ಮಾತನ್ನೂ ಹೇಳುವ ಹಾಗಿಲ್ಲ. ಅದರ ದಡದಲ್ಲಿ ಹುಟ್ಟಿ, ಅದರಲ್ಲಿ ಈಜು ಕಲಿತ ನನ್ನ ತಂಗಿ ಮದುವೆಯಾದ ದಿನದಿಂದ ಅದನ್ನು ಕರೆಯುವುದನ್ನೇ ಬಿಟ್ಟಿದ್ದಳು.

ರೈಲಿನಲ್ಲಿ ವಾಪಸ್ಸು ಬರುವಾಗ ಸಿಗರೇಟು ಪೊಟ್ಟಣದ ಹಿಂದೆ ನಿನ್ನ ಎಡಗೈ ಬರೆದೆ. ಅದನ್ನು ಮುಕಾಶನ ಮುಂದಿಟ್ಟು ದೊಡ್ನೀರಿನ ವಿಷಯ ಹೇಳಿದೆ. ಅವನು ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, “ಇವಳ ನಾಲಿಗೆ ಯಾರೂ ಕೀಳ್ಲಿಲ್ಲ ಕಣೋ. ಇವಳು ಸೊಸೆ!” ಎಂದು ಮೇಜು ಗುದ್ದಿದ. ಅಲ್ಲಿಂದ ಮುಂದೆ ಕಥೆಯನ್ನು ನಾವು ನಡೆಸಲಿಲ್ಲ, ಅವಳೇ ನಡೆಸಿದಳು. ದಡದ ಮೇಲಿನ ಅವಳ ಮುದುಕ ಮಾವನಿಗೆ ನೀರಿನ ಹೆಸರಿಟ್ಟೆವು. ಅವಳು ತನ್ನಷ್ಟಕ್ಕೆ ತಾನೇ ಮೂಕಿಯಾದಳು. ಮಾಟಗಾತಿಗೆ ಕೆಲಸವೇ ಉಳಿಯಲಿಲ್ಲ. ಅವಳನ್ನು ಚಿತ್ರದಿಂದ ತೆಗೆಯಲು ಮನಸ್ಸಾಗದೆ ನೆರೆಮನೆಯ ಮುದುಕಿ ಮಾಡಿ, ಹೊಸ ಸೊಸೆಗೆ ಒಲೆ ಹಚ್ಚುವುದನ್ನು ಕಲಿಸಲು ಕೂರಿಸಿದೆವು. ರಾಜಕುಮಾರನ ಚಂದದ ಮುಖ ಅಳಿಸಿ, ಹೆಂಡತಿ ಕಿಟಕಿಯಾಚೆ ಏನನ್ನು ನೋಡುತ್ತಾಳೆಂದು ತಿಳಿಯದೆ ತಾನೂ ಅತ್ತಲೇ ನೋಡುವ ಒಬ್ಬ ಸಾಧಾರಣ ಗಂಡನನ್ನು ಬರೆದೆವು. ನೀರಿನೊಳಗಿನ ರಾಜ, ಅವಳ ತಂದೆ, ದಿನವೂ ದಡಕ್ಕೆ ಬಂದು ಕೂಗುತ್ತಾನೆ. ಅವಳು ಓಗೊಟ್ಟರೆ ಆ ಮಾತೇ ಬಾಯಿಗೆ ಬರಬೇಕು, ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾಳೆ. ಆ ಬೆನ್ನು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಕೊನೆಗೆ ಪ್ರವಾಹ ಬರುತ್ತದೆ, ಮಾವ ಮನೆಯೊಳಗೆ ಮಲಗಿದ್ದಾನೆ, ಎಚ್ಚರಿಸುವವರು ಬೇರಾರೂ ಇಲ್ಲ. ಅವಳು ಓಡಿ ಬಂದು ಆ ಮಾತನ್ನು ಒಂದೇ ಒಂದು ಸಲ ಕೂಗುತ್ತಾಳೆ. ಮನೆ ಉಳಿಯುತ್ತದೆ. ಅವಳು ಆ ಮನೆಯಲ್ಲಿ ಉಳಿಯುವುದಿಲ್ಲ.

ಆ ಒಂದು ಕೂಗಿಗೆ ನಾಟಕದ ನಟಿಯೊಬ್ಬಳನ್ನು ಕರೆಸಿದ್ದೆವು. ನಗರದ ಹೆಣ್ಣು. ಅಂಗಡಿಯಲ್ಲಿ ಬ್ರೆಡ್ ಕೇಳುವ ಹಾಗೆ ಕೂಗಿದಳು. ಅದೇ ವಾರ ನೀನು ಹಲ್ಲು ತೋರಿಸಲು ನಮ್ಮ ಮನೆಗೆ ಬಂದಿದ್ದೆ. ಸ್ಟುಡಿಯೊದೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲವೆಂದು, ಅಲ್ಲೇ ಕೆಲಸಕ್ಕಿದ್ದ ರಬಿಗಾಳ ಪಾಸು ತೋರಿಸಿ, ಅವಳದೇ ಕೋಟು ಹಾಕಿಸಿ ಕರೆದೊಯ್ದೆ. ಗೇಟಿನವನು ಪುಸ್ತಕದಲ್ಲಿ ರಬಿಗಾ ಎಂದು ಬರೆದುಕೊಂಡು, “ಏನ್ ಅತ್ತಿಗೆ, ಇವತ್ತು ಭಾರೀ ನಾಚ್ಕೋತಿದ್ದೀರಿ! ಮನೇಲಿ ಜಗಳಾನಾ?” ಎಂದು ನಕ್ಕ. ಮೈಕಿನ ಮುಂದೆ ನಿಂತು ನೀನು ಎಷ್ಟು ಸಲ ಬಾಯಿ ತೆರೆದು ಮುಚ್ಚಿದೆ! ನಡುವೆ ನನ್ನತ್ತ ತಿರುಗಿ, “ಅಣ್ಣಾ, ನಮ್ಮಲ್ಲಿ ಅದು ಹೋಗ್ತಾ ಇದೆ. ನೀನು ನೋಡಿದ್ರೆ ಬರ್ತಿದೆ ಅಂತ ಕೂಗು ಅಂತೀಯಲ್ಲ” ಎಂದೆ. ಆಮೇಲೆ ಕಣ್ಣು ಮುಚ್ಚಿ ಕೂಗಿದೆ. ಏಳು ವರ್ಷ ಒಳಗಿಟ್ಟುಕೊಂಡ ಮಾತು. ಮುಕಾಶ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಎರಡನೇ ಸಲ ಕೂಗು ಎಂದು ಯಾರೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ನೀನು ಅಂದದ್ದು ಒಂದೇ: “ನನ್ನ ಹೆಸರು ಎಲ್ಲೂ ಬೇಡ ಅಣ್ಣ.” ಹಾಕುವುದಿಲ್ಲವೆಂದು ನಾನು ಅಪ್ಪನ ಮೇಲೆ ಆಣೆ ಮಾಡಿದೆ.

ಆಮೇಲೆ ನಡೆದದ್ದನ್ನು ನಾನು ಬರೆಯಬೇಕಿಲ್ಲ. ಆಫೀಸಿನವರು ಕಾರ್ಡಿನ ಮೇಲೆ ನಿನ್ನ ಹೆಸರು ಹಾಕಿಸಿಬಿಟ್ಟರೆಂದು ಅಂದೇ ನಿನಗೂ ನಿನ್ನ ಅತ್ತೆಗೂ ಕಾಗದ ಬರೆದೆ. ನನ್ನ ಅಕ್ಷರ ದುಂಡಗಿದೆಯೆಂದು ಕಾರ್ಡುಗಳನ್ನು ಬರೆಯುವ ಕೆಲಸವೂ ನನ್ನ ಪಾಲಿಗೇ ಬಿದ್ದಿತ್ತು, ಅವರು ಕೊಟ್ಟ ಪಟ್ಟಿಯಂತೆ ಬರೆದೆನೆಂದು ತಿಳಿಸಿದೆ. ನೀನು ಉತ್ತರಿಸಲಿಲ್ಲ. ನಿಮ್ಮೂರ ಕ್ಲಬ್ಬಿನಲ್ಲಿ ಚಿತ್ರ ತೋರಿಸಿದ ದಿನ ನಿನ್ನ ಮಾವ ಮೊದಲ ಸಾಲಿನಲ್ಲಿ ಕೂತಿದ್ದರಂತೆ. ಹೆಸರು ಬಂತು, ಆ ಕೂಗೂ ಬಂತು. ಅವರು ಬೈಯಲಿಲ್ಲ, ಟೋಪಿ ಹಾಕಿಕೊಂಡು ಎದ್ದು ಹೋದರು. ಆ ಸಂಜೆಯಿಂದ, ಸಾಯುವವರೆಗೆ, ಮೂರು ವರ್ಷ, ನಿನ್ನ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ. ಇದನ್ನೂ ನಾನು ಬೇರೆಯವರ ಬಾಯಿಂದಲೇ ಕೇಳಿದೆ. ಅವರು ಹೋದ ಸುದ್ದಿಗೆ ಬರೆದ ಕಾಗದ ಒಡೆಯದೆ ವಾಪಸ್ಸು ಬಂತು. ಅದನ್ನು ಇನ್ನೂ ಇಟ್ಟಿದ್ದೇನೆ.

ದಾಮೆಲಿ ಎಲ್ಲ ಕೇಳಿಸಿಕೊಂಡಳು. ಅವಳ ಅಜ್ಜಿಯೂ ‘ಚಂದ್ರ’ ಎನ್ನದೆ ‘ಮೇಲಿನವನು’ ಎನ್ನುತ್ತಿದ್ದಳಂತೆ, ಯಾಕೆಂದು ಯಾರೂ ಕೇಳಿರಲಿಲ್ಲವಂತೆ. ಹದಿನೇಳು ಸಲ ಬಂದ ಆ ಮಾತನ್ನು ತೆಗೆಸುತ್ತೇನೆ, ಹಾಡನ್ನೂ ತೆಗೆಸುತ್ತೇನೆ, ಆದರೆ ಕೊನೆಯ ಕೂಗಿಗೇನು ಮಾಡಲಿ ಎಂದಳು. ಆ ಕೂಗು ನನ್ನ ಬಳಿ ಇದೆ. ಮುಕಾಶ್ ಸಾಯುವ ಮುಂಚೆ ಕೊಟ್ಟ ಟೇಪಿನ ತುಂಡು, ರಬಿಗಾಳ ಚಹಾಪುಡಿಯ ಡಬ್ಬದಲ್ಲಿ. ಇದೆ ಎಂದು ಬಾಯಿ ಜಾರಿ ಹೇಳಿಬಿಟ್ಟೆ. “ಯಾರ ದನಿ ತಾತಾ? ಹಳೇ ಕಾರ್ಡು ಹರಿದುಹೋಗಿದೆ, ಹೆಸರು ಕಾಣ್ಸಲ್ಲ. ಅವ್ರ ಒಪ್ಪಿಗೆ ಬೇಕು” ಎಂದಳು. ನಾನು ಹೆಸರು ಹೇಳದೆ ಎದ್ದು ಬಂದೆ. ಬಸ್ಸು ಹಿಡಿಯದೆ ನಡೆದೇ ಬಂದೆ. ಮನೆಗೆ ಬಂದು ಡಬ್ಬದ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದೆ. ಅದನ್ನು ಕೇಳುವ ಯಂತ್ರ ಈ ಮನೆಯಲ್ಲಿಲ್ಲ. ಮೂವತ್ತೈದು ವರ್ಷದ ಹಿಂದಿನ ನಿನ್ನ ದನಿ ಇಲ್ಲಿ ಚಹಾದ ವಾಸನೆಯಲ್ಲಿ ಸುಮ್ಮನೆ ಕೂತಿದೆ.

ಮಕ್ಕಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ ಹೇಳು, ಸೋದರಮಾವ ಎಂಬುವನೊಬ್ಬ ಇದ್ದಾನೆಂದು ಅವರಿಗೆ ಗೊತ್ತಿದ್ದರೆ. ಬೆನ್ನು ಬೆಚ್ಚಗಿಟ್ಟುಕೋ. ನಿನ್ನ ಒಲೆಯ ಬೆಂಕಿ ಆರದಿರಲಿ.

ನಿನ್ನ ಅಣ್ಣ,
ಸಪಾರ್ಗಲಿ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಒಡೆದು ಇದನ್ನು ಬರೆಯುತ್ತಿದ್ದೇನೆ. ಆಫೀಸಿನವರು ಕೊಟ್ಟ ಪಟ್ಟಿಯಲ್ಲಿ ಹದಿನೆಂಟೇ ಹೆಸರುಗಳಿದ್ದವು. ಹತ್ತೊಂಬತ್ತನೆಯದನ್ನು ಸೇರಿಸಿದವನು ನಾನು. ಚಿತ್ರಕ್ಕೆ ಜೀವ ಕೊಟ್ಟವಳ ಹೆಸರೇ ಇಲ್ಲವಲ್ಲ ಎನಿಸಿತು, ಹೆಮ್ಮೆಯಿಂದ ಬರೆದೆ, ಆಣೆ ನೆನಪಿದ್ದೂ ಬರೆದೆ. ಆಫೀಸಿನಲ್ಲಿ ಯಾರಿಗೂ ನಿನ್ನ ಹೆಸರು ಗೊತ್ತೇ ಇರಲಿಲ್ಲ, ಗೇಟಿನ ಪುಸ್ತಕದ ಪ್ರಕಾರ ಅವತ್ತು ಒಳಗೆ ಬಂದವಳು ರಬಿಗಾ. ಇದು ನಿನಗೆ ಮೊದಲ ದಿನವೇ ಹೊಳೆದಿತ್ತು, ಅಲ್ಲವೆ? ಅದಕ್ಕೇ ಉತ್ತರ ಬರೆಯಲಿಲ್ಲ. ಈ ಸಲ ಕೇಳಿಯೇ ಮಾಡುತ್ತೇನೆ. ನೀನು ಬೇಡ ಎಂದರೆ ಟೇಪು ಡಬ್ಬದಲ್ಲೇ ಇರುತ್ತದೆ, ಕೊನೆಯಲ್ಲಿ ಚಿತ್ರದ ಹುಡುಗಿ ಬಾಯಿ ತೆರೆಯಲಿ, ದನಿ ಬರದಿರಲಿ. ಹೂಂ ಎಂದರೂ ಹೆಸರು ಹಾಕಿಸುವುದಿಲ್ಲ. ಬರೆಯಲು ಮನಸ್ಸಿಲ್ಲದಿದ್ದರೆ ಕನ್ಶಾಯಿಮ್ ಬಾಯಲ್ಲಿ ಹೇಳಿಕಳಿಸು. ಗುರುವಾರ ಮೀನಿನಂಗಡಿಯ ಮುಂದೆ ನಿಂತಿರುತ್ತೇನೆ.