ಮುಂದೆ ತಿರುಗಿಸಿದ ಮುಳ್ಳು

ನನ್ನ ಮಗಳ ತಂದೆಯವರಿಗೆ,

ಬೇಸಿಗೆ ಬಂತೆಂದು ನಿಮ್ಮ ದೇಶದಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಿರುಗಿಸುತ್ತಾರಂತೆ. ನಮ್ಮಲ್ಲಿ ಹಾಗಿಲ್ಲವೆಂದು ನಿಮಗೆ ಚೆನ್ನಾಗಿ ಗೊತ್ತು. ಭಾನುವಾರ ನಿಮ್ಮ ಬೆಳಗಿನ ಹತ್ತಕ್ಕೆ ನಾನೇ ಕರೆ ಮಾಡಬೇಕೆಂದು ಷರತ್ತು ಹಾಕಿದವರೂ ನೀವೇ. ಹೊತ್ತು ಬದಲಾಗಿದೆ ಎಂದು ಒಂದು ಮಾತು ತಿಳಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮೂರು ಭಾನುವಾರ ನಾನು ಹೊಲಿಗೆ ಕೆಲಸ ಮಾಡುವ ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಚಿಲಕ ಹಾಕಿಕೊಂಡು, ಕನ್ನಡಿಗೆ ಫೋನು ಒರಗಿಸಿ ಕೂತೆ. ಗಿರಾಕಿಗಳು ಬಾಗಿಲು ಬಡಿದರು. "ನೀನೇ ಒಳಗೆ ಸೇರ್ಕೊಂಡ್ರೆ ಹೊಲಿಯೋರು ಯಾರಮ್ಮ?" ಎಂದು ಮಾಲೀಕರು ಗೊಣಗಿದರು. ನಿಮ್ಮ ಹತ್ತು ಗಂಟೆ ಎಂದು ನಾನು ಕರೆ ಮಾಡುವಾಗ ಅಲ್ಲಿ ಆಗಲೇ ಹನ್ನೊಂದು. ಮಗು ಕಾದು ಕಾದು ಸಾಕಾಗಿ ಈಜಲು ಹೋಗಿರುತ್ತಿತ್ತು. ನನ್ನ ಕರೆ, ಸಂದೇಶ ಎಲ್ಲ ನಿಮ್ಮ ಫೋನಿನಲ್ಲೇ ಬಿದ್ದಿವೆ. ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದಿರಿ.

ನಿನ್ನೆ ನಿಮ್ಮ ಅಕ್ಕನ ಫೋನಿನಿಂದ ಮಗಳೇ ಮಾತಾಡಿದಳು. "ಅಮ್ಮ, ತಲೆ ಬಾಚ್ಕೊಂಡು ಕಾಯ್ತಿದ್ದೆ. ನಿಂಗೆ ಪುರುಸೊತ್ತಿಲ್ಲ ಅಂತ ಅಪ್ಪ ಹೇಳಿದ್ರು." ಗಡಿಯಾರದ ವಿಷಯ ನನಗೆ ತಿಳಿಸಿದ್ದು ನಿಮ್ಮ ಅಕ್ಕ.

ಮಗಳ ಕೋಣೆಯ ಗೋಡೆಗೆ ನನ್ನ ಊರಿನ ಹೊತ್ತು ತೋರಿಸುವ ಇನ್ನೊಂದು ಗಡಿಯಾರ ಹಾಕಿ. ಅದರ ಮುಳ್ಳನ್ನು ಯಾವ ಕಾಲಕ್ಕೂ ಮುಟ್ಟಬೇಡಿ. ಅದನ್ನು ನೋಡಲು ಅವಳಿಗೆ ನಾನೇ ಕಲಿಸುತ್ತೇನೆ.

ನನ್ನ ಮೇಲೆ ನೀವೊಂದು ಸುಳ್ಳು ಹೊರಿಸಿದಿರಿ. ನಿಮ್ಮ ಪರವಾಗಿ ನಾನೂ ಅವಳಿಗೆ ಒಂದು ಸುಳ್ಳು ಹೇಳಿದೆ: "ಹೊತ್ತು ಬದಲಾಗಿದ್ದು ಅಪ್ಪನಿಗೂ ಗೊತ್ತಾಗ್ಲಿಲ್ಲ ಪುಟ್ಟಿ."

ಇನ್ನೊಮ್ಮೆ ಹೇಳುವುದಿಲ್ಲ.

ಇಂತಿ,
ಅವಳ ಅಮ್ಮ